ನಾನು ಬರೆಯದೇ ಬಿಟ್ಟ ಕಸುಬು

ಹೋದ ತಿಂಗಳು ಪಕ್ಕದ ಮನೆಯವರು ಹಸುವಿಗೆಂದು ಒಂದು ಮೂಟೆ ತೌಡು ತರಿಸಿ ನಮ್ಮ ಜಗಲಿಯ ಮೇಲೆ ಇಳಿಸಿದ್ದರು. ಆಗತಾನೆ ಮಿಲ್ಲಿನಿಂದ ಬಂದದ್ದು. ಬಾಯಿ ಬಿಚ್ಚಿದಾಗ ಇನ್ನೂ ಬೆಚ್ಚಗಿತ್ತು. ನಾನು ಪೇಪರು ಓದುತ್ತ ಕೂತಿದ್ದವನು, ಸ್ವಲ್ಪ ಸಿಹಿ, ಸ್ವಲ್ಪ ಎಣ್ಣೆಯ ಜಿಡ್ಡು ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಓದು ಮುಂದುವರಿಸಲಾರದೆ ಹೋದೆ. ಎದ್ದು ಒಳಗೆ ಹೋದೆ. ಏನಾಯಿತು ಎಂದು ಸೊಸೆ ಕೇಳಿದಳು. ಏನೂ ಇಲ್ಲವೆಂದೆ. ಹೇಳುವುದಕ್ಕೆ ಹೊರಟಿದ್ದರೆ ಮಹಾರಾಜರ ಕಾಲದಿಂದ ಶುರುಮಾಡಬೇಕಾಗುತ್ತಿತ್ತು...

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಸಾಲಿಗ್ರಾಮದಿಂದ ಮೂರು ಮೈಲಿ ಆಚೆಯ ಒಂದು ಹಳ್ಳಿಯಲ್ಲಿ ನಾನು ಸ್ಕೂಲು ಮೇಷ್ಟ್ರು. ಇಪ್ಪತ್ತಮೂರರ ವಯಸ್ಸು, ಇನ್ನೂ ಮದುವೆಯಾಗಿರಲಿಲ್ಲ. ಒಂದು ಕೋಣೆ ಬಾಡಿಗೆಗೆ ಹಿಡಿದು ನಾನೇ ಬೇಯಿಸಿಕೊಂಡು ತಿನ್ನುತ್ತಿದ್ದೆ. ಎದುರುಮನೆಯಲ್ಲಿದ್ದವಳು ದೊಡ್ಡವ್ವ. ನನಗೆ ಸಂಬಂಧವೇನೂ ಇಲ್ಲ. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ.

ಆಕೆಯ ಕಸುಬು ಭತ್ತ ಕುಟ್ಟುವುದು. ನಾಲೆಯ ನೀರು ಬಂದಮೇಲೆ ಊರಿನಲ್ಲಿ ಗದ್ದೆ ಹೆಚ್ಚಾಗಿ, ಇದ್ದವರ ಮನೆಯ ಭತ್ತವೆಲ್ಲ ಅವಳಂಥ ಏಳೆಂಟು ಹೆಂಗಸರ ಒರಳಿಗೆ ಬರುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಒನಕೆಯ ಸದ್ದು ಶುರುವಾದರೆ ನಾನು ಸ್ಕೂಲಿಗೆ ಹೊರಡುವವರೆಗೂ ನಿಲ್ಲುತ್ತಿರಲಿಲ್ಲ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಟಕ್ಕೆಂದರೆ ಒರಳಿಗೆ ಹಾಕುವಳು, ಇಲ್ಲದಿದ್ದರೆ ಮತ್ತೆ ಬಿಸಿಲಿಗೆ ಹರಡುವಳು. ಬಾಣಂತಿಯಿರುವ ಮನೆಗೆ ಒಂದು ಹದ, ಹಲ್ಲಿಲ್ಲದ ಮುದುಕರಿರುವ ಮನೆಗೆ ಇನ್ನೊಂದು ಹದ. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂಲಿ ಎಂದರೆ ಒಂದಿಷ್ಟು ಅಕ್ಕಿ, ನುಚ್ಚು, ತೌಡು. ತೌಡು ಎಮ್ಮೆಗೆ, ಎಮ್ಮೆಯ ಮೊಸರು ನಾಲ್ಕು ಮನೆಗೆ, ನುಚ್ಚು ತಮ್ಮ ಗಡಿಗೆಗೆ. ಆಕೆಯ ಗಂಡ ಗಾಡಿ ಹೊಡೆಯುತ್ತಿದ್ದವನು, ಗಾಡಿ ಮಗುಚಿ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದ. ಆ ಮನೆ ನಿಂತಿದ್ದದ್ದೇ ಅವಳ ತೋಳಿನ ಮೇಲೆ.

ಸ್ಕೂಲಿನ ಹುಡುಗರ ಮನೆಯವರು ಸುಗ್ಗಿಯಲ್ಲಿ ನನಗೂ ಭತ್ತ ಕೊಡುತ್ತಿದ್ದರು. ಅದನ್ನೂ ದೊಡ್ಡವ್ವನೇ ಕುಟ್ಟಿಕೊಡುತ್ತಿದ್ದಳು. ಮೊರದಲ್ಲಿ ಅಕ್ಕಿ ತಂದು ನನ್ನ ಬಾಗಿಲಲ್ಲಿಟ್ಟು, ತೌಡು ನುಚ್ಚು ತಾನು ಇಟ್ಟುಕೊಳ್ಳುತ್ತಿದ್ದಳು.

ಆ ಬೇಸಿಗೆ ಮೈಸೂರಿನಿಂದ ಒಬ್ಬ ಅರ್ಥಶಾಸ್ತ್ರದ ಪ್ರೊಫೆಸರು ಬಂದರು. ಸಣ್ಣ ಆಳು, ಸರಿಗೆ ಪೇಟ, ಧೂಳಿಗೆ ಕೆಂಪಾದ ಬಿಳಿ ಷರಾಯಿ. ನೀರು, ಹೊಸ ಬೆಳೆ, ಯಂತ್ರ ಇವೆಲ್ಲ ಬಂದಾಗ ಊರಿನ ಎಲ್ಲರ ಆದಾಯವೂ ಏರುತ್ತದೆಯೋ ಇಲ್ಲ ಕೆಲವರದು ಏರಿ ಕೆಲವರದು ಇಳಿಯುತ್ತದೆಯೋ, ಸಾಲ ಸಿಕ್ಕುವುದು ಯಾರಿಗೆ, ಸಿಕ್ಕದೆ ಹೋಗುವುದು ಯಾರಿಗೆ ಎಂದು ಮನೆಮನೆಯಿಂದ ತಿಳಿದು ಬರೆಯಬೇಕು ಎಂಬುದು ಅವರ ಉದ್ದೇಶ. ಎರಡು ವರ್ಷ ಬಿಟ್ಟು ಮತ್ತೆ ಬಂದು ಅದೇ ಮನೆಗಳನ್ನು ಕೇಳಿ ಹೋಲಿಸುವವರಿದ್ದರು. ಅಚ್ಚುಹಾಕಿಸಿದ ಹಾಳೆಗಳನ್ನು ನನ್ನ ಕೈಗೆ ಕೊಟ್ಟು, ಊರಿನ ಎಲ್ಲ ಮನೆಯದನ್ನೂ ತುಂಬಿಕೊಡಿ ಎಂದರು. ಹಾಳೆಗೆ ಒಂದಾಣೆ. ಹೊರಡುವಾಗ ಗಾಡಿಯ ಹತ್ತಿರ ನಿಂತು, "ಕಾಲಂನಲ್ಲಿ ಹಿಡಿಯದ್ದು ಏನಾದರೂ ಇದ್ದರೆ ಹಿಂಬದಿಯಲ್ಲಿ ಬರೆಯಿರಿ ಮೇಷ್ಟ್ರೇ. ನನಗೆ ಬೇಕಾದ್ದು ಅದೇ" ಎಂದಿದ್ದರು. ಈ ಮಾತು ನನಗೆ ಚೆನ್ನಾಗಿ ನೆನಪಿದೆ. ಆಗಲೂ ನೆನಪಿತ್ತು.

ಎದುರುಮನೆಯ ಹಾಳೆಯನ್ನು ತುಂಬಿದ್ದು ಒಂದು ಭಾನುವಾರ ಮಧ್ಯಾಹ್ನ. ಉರಿಬಿಸಿಲು. ಇನ್ನೂ ಆರು ಮನೆ ಉಳಿದಿದ್ದವು. ಗಂಡ ಮಂಚದ ಮೇಲಿಂದಲೇ ಉತ್ತರ ಹೇಳುತ್ತಿದ್ದ. ಜಮೀನು ಇಲ್ಲ, ಕೂಲಿ ಇಲ್ಲ, ಸಾಲ ಇಲ್ಲ. ದೊಡ್ಡವ್ವ ಅಂಗಳದಲ್ಲಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಬಂದಳು.

"ನನ್ ಕಸ್ಬು ಬರ್ಕಳಲ್ವಾ ಮೇಷ್ಟ್ರೇ?"

ಹಾಳೆಯಲ್ಲಿ ಕೇಳಿರುವುದು ದುಡ್ಡಿನ ಲೆಕ್ಕ ಎಂದು ವಿವರಿಸಿದೆ.

"ದುಡ್ ಕೊಡಾಕಿಲ್ಲ, ಅಕ್ಕಿ ಕೊಡ್ತಾರೆ. ಅದ್ರಲ್ಲೇ ಅಲ್ವಾ ನಾವು ಉಣ್ಣದು?"

ಸರಿಯಾದ ಮಾತೇ. ಬರೆಯಬೇಕಾದರೆ ಅಕ್ಕಿ ಎಷ್ಟು, ತೌಡು ಎಷ್ಟು, ಅದರಿಂದ ಎಮ್ಮೆ ಕೊಟ್ಟ ಮೊಸರು ಎಷ್ಟು, ಯಾವ ತಿಂಗಳು ಹೆಚ್ಚು, ಯಾವುದು ಕಡಮೆ ಎಂದೆಲ್ಲ ಕೂತು ಕೇಳಬೇಕು. ಅರ್ಧ ಗಂಟೆಯ ಕೆಲಸ. ನನಗೆ ಹಸಿವಾಗಿತ್ತು. ಹಾಳೆಯಲ್ಲಿ ಹೆಸರು ಬೇಕಾದದ್ದು ಯಜಮಾನನದು ಮಾತ್ರ. ಹೆಂಗಸರ ಸಾಲಿನಲ್ಲಿ ಎಲ್ಲ ಮನೆಗೂ ಬರೆದಂತೆ ಇಲ್ಲೂ 'ಗೃಹಕೃತ್ಯ, ಆದಾಯವಿಲ್ಲ' ಎಂದು ಬರೆದು ಶಾಯಿ ಆರಿಸಿದೆ. ಏನು ಬರೆದಿರಿ ಎಂದು ಆಕೆ ಕೇಳಿದಳು.

"ಎಲ್ಲ ಬರೆದಿದ್ದೇನೆ, ದೊಡ್ಡವ್ವ" ಎಂದೆ.

ಆಕೆಗೆ ಓದು ಬರದು. ಮುಖ ಅರಳಿಸಿಕೊಂಡು ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಕುಡಿದೆ.

ತುಂಬಿದ ಹಾಳೆಗಳನ್ನು ಒಯ್ಯಲು ಬಂದ ಪ್ರೊಫೆಸರು ಅವುಗಳ ಒಂದು ನಕಲನ್ನು ಊರಿನ ಸಹಕಾರ ಸಂಘದಲ್ಲಿ ಇಟ್ಟು ಹೋದರು. ಅವರ ಕೆಲಸ ಊರಿಗೂ ಉಪಯೋಗವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಆ ಸಂಘಕ್ಕೆ ಕಾರ್ಯದರ್ಶಿಯೂ ನಾನೇ, ಓದುಬರಹ ಬಲ್ಲವರು ಬೇರೆ ಯಾರಿದ್ದರು? ಆ ವರ್ಷ ಹೊಸ ಕಸುಬು ಹೂಡುವವರಿಗೆ ಸಾಲ ಕೊಡಲು ಸಂಘದ ಹತ್ತಿರ ಒಂದಿಷ್ಟು ಹಣವಿತ್ತು. ಯಾರಿಗೆ ತೀರಿಸುವ ಶಕ್ತಿಯಿದೆ ಎಂದು ಹಾಳೆ ನೋಡಿ ತೀರ್ಮಾನಿಸುವುದು ಎಂದು ಅಧ್ಯಕ್ಷರು ಹೇಳಿದರು. ಎಲ್ಲರಿಗೂ ಅದು ನ್ಯಾಯವಾಗಿಯೇ ಕಂಡಿತು.

ಸಾಲ ಕೇಳಿದವರಲ್ಲಿ ಇಬ್ಬರು ಮುಖ್ಯರು. ಒಬ್ಬರು ನಾಲೆಬಯಲಿನ ದೊಡ್ಡ ಹಿಡುವಳಿದಾರರು. ಅವರಿಗೆ ಎಣ್ಣೆ ಎಂಜಿನ್ ತರಿಸಿ ಅಕ್ಕಿ ಮಿಲ್ಲು ಹಾಕಬೇಕಾಗಿತ್ತು. ಇನ್ನೊಬ್ಬಳು ದೊಡ್ಡವ್ವ. ಮಿಲ್ಲು ಬರುವ ಸುದ್ದಿ ಆಕೆಗೆ ಎಲ್ಲರಿಗಿಂತ ಮೊದಲೇ ತಲುಪಿತ್ತು. ಒರಳಿನ ಕಸುಬು ನಿಲ್ಲುವುದರೊಳಗೆ ಇನ್ನೊಂದು ಎಮ್ಮೆ ಕಟ್ಟಿಕೊಂಡರೆ ಮೊಸರು ಮಾರಿ ಬದುಕಬಹುದು ಎಂದು ಯೋಚಿಸಿದ್ದಳು. ಯಂತ್ರ ಬಂದಮೇಲೆ ಏನಾಗುತ್ತದೆಂದು ಅದು ಬರುವ ಮುಂಚೆಯೇ ಊರಿನಲ್ಲಿ ಯೋಚನೆ ಮಾಡಿದವಳು ಅವಳೊಬ್ಬಳೇ.

ಸಂಘದ ಸಭೆ ಚಾವಡಿಯಲ್ಲಿ ನಡೆಯಿತು. ಹಿಡುವಳಿದಾರರ ಹಾಳೆ ತುಂಬಿ ತುಳುಕುತ್ತಿತ್ತು. ಗದ್ದೆ, ಕಬ್ಬು, ಎರಡು ಗಾಡಿ. ಓದಿ ಮುಗಿಸುವಷ್ಟರಲ್ಲಿ ಸಾಲ ಮಂಜೂರಾಯಿತು. ಆಮೇಲೆ ದೊಡ್ಡವ್ವ ಕಂಬದ ಪಕ್ಕದಲ್ಲಿ ನಿಂತು ತನ್ನ ಬೇಡಿಕೆ ಹೇಳಿದಳು. ಯಾವುದರಿಂದ ತೀರಿಸುತ್ತೀ ಎಂದು ಅಧ್ಯಕ್ಷರು ಕೇಳಿದರು.

"ನನ್ ಕಸ್ಬು ಆಳೇಲಿ ಅದೆ ಕಣ್ ಸ್ವಾಮಿ. ಮೇಷ್ಟ್ರೇ ಬರ್ದವ್ರೆ, ಓದುಸ್ನೋಡಿ."

ಓದಿ ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. ಆಗಲಾದರೂ, ಇದು ನನ್ನ ತಪ್ಪು, ಆಕೆಯ ದುಡಿಮೆಯನ್ನು ನಾನು ಬರೆಯದೆ ಬಿಟ್ಟೆ ಎಂದು ಹೇಳಬಹುದಾಗಿತ್ತು. ಹೇಳಿದರೆ ಮಿಕ್ಕ ಹಾಳೆಗಳನ್ನೂ ಹೀಗೆಯೇ ತುಂಬಿದ್ದೀರಾ ಎಂಬ ಪ್ರಶ್ನೆ ಬರುತ್ತಿತ್ತು. ಸುಳ್ಳು ಹಾಳೆಗೆ ಆಣೆ ಎಣಿಸಿಕೊಂಡ ಮೇಷ್ಟ್ರು ಎಂಬ ಹೆಸರು ಬರುತ್ತಿತ್ತು. ಇದ್ದದ್ದನ್ನು ಇದ್ದಂತೆಯೇ ಓದಿದೆ. ಗೃಹಕೃತ್ಯ. ಆದಾಯವಿಲ್ಲ.

ಯಾರೋ ನಕ್ಕರು. ದೊಡ್ಡವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ತಪ್ಪು ಕೇಳಿಸಿತೇನೋ, ಇನ್ನೊಂದು ಸಲ ಓದುತ್ತಾರೇನೋ ಎಂದು ಕಾಯುವವಳ ಹಾಗೆ... ನಾನು ತಲೆ ತಗ್ಗಿಸಿದೆ. ಸೆರಗು ಬಿಗಿಯಾಗಿ ಹೊದ್ದುಕೊಂಡು ಆಕೆ ಹೊರಟುಹೋದಳು.

ನನ್ನ ಭತ್ತ ಆಗ ಆಕೆಯ ಮನೆಯಲ್ಲೇ ಇತ್ತು. ಮೂರನೆಯ ದಿನ ಸ್ಕೂಲಿನಿಂದ ಬಂದು ನೋಡಿದರೆ ಬಾಗಿಲಲ್ಲಿ ಮೊರದ ತುಂಬ ಅಕ್ಕಿ. ಪಕ್ಕದಲ್ಲಿ ಒಂದು ಮಡಕೆಯಲ್ಲಿ ನುಚ್ಚು, ಇನ್ನೊಂದರಲ್ಲಿ ತೌಡು. ಒಂದು ಹಿಡಿಯನ್ನೂ ಆಕೆ ಇಟ್ಟುಕೊಂಡಿರಲಿಲ್ಲ. ತೌಡು ಕೈಗೆ ಬೆಚ್ಚಗೆ ಹತ್ತಿತು. ವಾಪಸು ಕೊಡೋಣವೆಂದು ಓಣಿ ದಾಟಿದೆ. ಬಾಗಿಲು ತೆರೆದೇ ಇತ್ತು. ಹೊಸಲು ತುಳಿಯುವ ಧೈರ್ಯವಾಗದೆ ಹಾಗೇ ತಿರುಗಿ ಬಂದೆ.

ಸುಗ್ಗಿಯ ಹೊತ್ತಿಗೆ ಮಿಲ್ಲು ಬಂತು. ಊರೇ ನೋಡಲು ಸೇರಿತ್ತು. ಆ ಏಳೆಂಟು ಹೆಂಗಸರು ವಾರವಿಡೀ ಕುಟ್ಟುವ ಭತ್ತವನ್ನು ಅದು ಒಂದು ಬೆಳಗಿನಲ್ಲಿ ಅಕ್ಕಿ ಮಾಡಿ ಉಗುಳಿತು. ತೌಡು ಮಿಲ್ಲಿನವರದಾಯಿತು. ದುಡ್ಡು ಕೊಟ್ಟು ಕೊಳ್ಳಬೇಕು. ದೊಡ್ಡವ್ವ ಇದ್ದೊಂದು ಎಮ್ಮೆಗೆ ಮೇವು ಹೊಂದಿಸಲಾರದೆ ಮಾರಿದಳು. ಮುಂದಿನ ಮಳೆಗಾಲದಲ್ಲಿ ಗಂಡ ತೀರಿಕೊಂಡ. ಆಮೇಲೆ ಕೊಡಗಿನ ಕಾಫಿ ತೋಟಕ್ಕೆ ಆಳು ಕೂಡಿಸುತ್ತಿದ್ದ ಮೇಸ್ತ್ರಿಯೊಬ್ಬನ ಹಿಂದೆ ಹತ್ತಾರು ಜನ ಹೊರಟಾಗ ಆಕೆಯೂ ಹೊರಟಳು. ನಾನು ಸ್ಕೂಲಿನ ಕಿಟಕಿಯಿಂದ ನೋಡಿದೆ. ತಲೆಯ ಮೇಲೆ ಒಂದು ಗಂಟು, ಅಷ್ಟೆ. ಪಾಠ ನಿಲ್ಲಿಸಿ ಹೊರಗೆ ಹೋಗಬಹುದಿತ್ತು.

ಹೇಳಿದಂತೆ ಎರಡು ವರ್ಷಕ್ಕೆ ಪ್ರೊಫೆಸರು ಮತ್ತೆ ಬಂದರು. ಬೀಗ ಹಾಕಿದ ಮನೆಗಳನ್ನು ಲೆಕ್ಕದಿಂದ ಕೈಬಿಡಬೇಕಾಗುತ್ತದೆ, ಹೋಲಿಸಲು ಆಗುವುದಿಲ್ಲ ಎಂದು ಪಟ್ಟಿ ಮಾಡುತ್ತಿದ್ದರು. ಎದುರುಮನೆಯ ಸರದಿ ಬಂದಾಗ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಹಳೆಯ ಕಟ್ಟು ಬಿಚ್ಚಿ ಆ ಹಾಳೆಯನ್ನು ಹುಡುಕಿ ತೆಗೆದರು. ಮುಂಬದಿ ಓದಿದರು. ತಿರುಗಿಸಿ ನೋಡಿದರು. ಖಾಲಿ. ಇನ್ನು ನಾಲ್ಕಾರು ಹಾಳೆಗಳನ್ನು ತಿರುಗಿಸಿದರು. ಅವೂ ಖಾಲಿ. ಬೈಯುತ್ತಾರೆಂದು ಕಾದೆ. ಕನ್ನಡಕ ತೆಗೆದು ಒರೆಸುತ್ತ, "ನಾನು ಮೈಸೂರಿನಲ್ಲಿ ಕೂತು ಕಾಲಂ ಎಳೆದೆ, ಮೇಷ್ಟ್ರೇ. ನೀವು ಎದುರುಮನೆಯಲ್ಲೇ ಇದ್ದಿರಿ" ಎಂದರು. ಊಟಕ್ಕೆ ನಿಲ್ಲದೆ ಹೊರಟರು.

ಅವರ ಪುಸ್ತಕ ಬಂತು. ಇಂಗ್ಲಿಷಿನಲ್ಲಿ. ನನಗೂ ಒಂದು ಪ್ರತಿ ಕಳಿಸಿದ್ದರು. ನಮ್ಮೂರಿನ ಸರಾಸರಿ ಆದಾಯ ಎರಡು ವರ್ಷದಲ್ಲಿ ಏರಿದೆ ಎಂದು ಅದರಲ್ಲಿತ್ತು. ಉಳಿದವರದು ಏರಿದ್ದು ನಿಜವೇ. ಕೆಳಗೆ ಸಣ್ಣಕ್ಷರದಲ್ಲಿ, ಊರು ಬಿಟ್ಟ ಮನೆಗಳ ವಿಷಯ ತಿಳಿಯದೆ ಇರುವುದರಿಂದ ಈ ಏರಿಕೆಯನ್ನು ಪೂರ್ತಿ ನಂಬಬಾರದು ಎಂದು ಅವರು ಬರೆದಿದ್ದರು. ಮುನ್ನುಡಿಯಲ್ಲಿ ಶ್ರದ್ಧೆಯಿಂದ ಮಾಹಿತಿ ಕೂಡಿಸಿಕೊಟ್ಟ ಉಪಾಧ್ಯಾಯರಿಗೆ ಕೃತಜ್ಞತೆ ಇತ್ತು. ಪ್ರಾಯಶಃ ಮೊದಲೇ ಅಚ್ಚಾಗಿದ್ದ ಪುಟವಿರಬೇಕು... ಅಥವಾ ಬೇಕೆಂದೇ ಉಳಿಸಿದರೋ, ನನಗೆ ತಿಳಿಯದು.

ಯುದ್ಧದ ವರ್ಷಗಳಲ್ಲಿ ನನಗೆ ಪಿರಿಯಾಪಟ್ಟಣಕ್ಕೆ ವರ್ಗವಾಯಿತು. ಒಂದು ಸಂತೆಯ ದಿನ ಕೊಡಗಿನ ಕಡೆಯ ಬಸ್ಸು ನಿಲ್ಲುವ ಜಾಗದಲ್ಲಿ ತೋಟದ ಆಳುಗಳ ಗುಂಪೊಂದು ಕೂತಿತ್ತು. ಅದರಲ್ಲಿದ್ದ ದೊಡ್ಡವ್ವ ನನ್ನನ್ನು ಕಂಡು ಎದ್ದು ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು, ಜ್ವರ ಬಂದು ಬಂದು ಕಣ್ಣು ಹಳದಿಯಾಗಿತ್ತು. ಚೆನ್ನಾಗಿದ್ದೀರಾ, ಮದುವೆ ಆಯಿತಾ, ಅಡುಗೆ ಯಾರು ಮಾಡುತ್ತಾರೆ ಎಂದು ಹಳೆಯ ಸಲಿಗೆಯಲ್ಲೇ ವಿಚಾರಿಸಿದಳು. ನಾನು ತಪ್ಪಾಯಿತು ದೊಡ್ಡವ್ವ ಎಂದೆ.

"ನೀವ್ ಬರ್ದಿದ್ರೂವೆ ಮಿಷಿನ್ನು ಬತ್ತಿತ್ತು, ಬುಡಿ" ಎಂದಳು. ಸೆರಗು ಸರಿಮಾಡಿಕೊಂಡು, "ಬರ್ದಿದೀನಿ ಅಂದ್ರಲ್ಲ ಮೇಷ್ಟ್ರೇ, ಅದುನ್ನ ನಂಬ್ಕಂಡು ಊರ್ಗೆಲ್ಲ ಏಳ್ಕಂಡ್ ಬಂದಿದ್ದೆ ನಾನು" ಎಂದಳು.

ಬಸ್ಸು ಬಂತು. ಮೇಸ್ತ್ರಿ ಕೂಗಿದ. ಜೇಬಿನಲ್ಲಿದ್ದ ಎರಡು ರೂಪಾಯಿ ಕೊಡಹೋದೆ. ತೆಗೆದುಕೊಳ್ಳಲಿಲ್ಲ. ಮುಂದಿನ ಸಂತೆಗೆ, ಅದರ ಮುಂದಿನ ಸಂತೆಗೆ ಅಲ್ಲೇ ಹೋಗಿ ನಿಂತೆ. ಆಕೆ ಬರಲಿಲ್ಲ. ಆ ವರ್ಷ ತೋಟಗಳಲ್ಲಿ ಚಳಿಜ್ವರ ಬಹಳ ಜನರನ್ನು ತೆಗೆದುಕೊಂಡಿತೆಂದು ಆಮೇಲೆ ಕೇಳಿದೆ...

ಆ ತೌಡಿನ ಮೂಟೆ ಬಂದ ವಾರ ಮನಸ್ಸು ತಡೆಯದೆ ಬಸ್ಸು ಹತ್ತಿ ಆ ಹಳ್ಳಿಗೆ ಹೋಗಿಬಂದೆ. ಪ್ರೊಫೆಸರು ತೀರಿಹೋಗಿ ಎಷ್ಟೋ ಕಾಲವಾಯಿತು, ಸಂಘದ ಅಂದಿನವರು ಯಾರೂ ಇಲ್ಲ. ಎದುರುಮನೆಯಿದ್ದ ಜಾಗದಲ್ಲಿ ತಾರಸಿ ಮನೆ ಎದ್ದಿದೆ. ನಾನು ನಿಂತೇ ಇದ್ದುದನ್ನು ಕಂಡು ಆ ಮನೆಯ ಹೆಣ್ಣುಮಗಳು ಕುರ್ಚಿ ತಂದು ಹಾಕಿ, ಕಾಫಿ ಕೊಟ್ಟಳು. ಈ ಊರಿಗೆ ಸೊಸೆಯಾಗಿ ಬಂದವಳಂತೆ. ಮುಂಚೆ ಇಲ್ಲಿ ಯಾರಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಕುಟ್ಟುತ್ತಿದ್ದುದು, ಕಾಳು ಕಚ್ಚಿ ನೋಡುತ್ತಿದ್ದುದು, ಮನೆಮನೆಗೂ ಬೇರೆಬೇರೆ ಹದ, ಚಾವಡಿಯಲ್ಲಿ ನಾನು ಓದಿದ್ದು, ಎಲ್ಲವನ್ನೂ. ಅವಳು ಕೆಲಸ ಬಿಟ್ಟು ಹೊಸಲಿನ ಮೇಲೆ ಕೂತು ಕೇಳಿದಳು. ಕೊನೆಗೆ, "ಏನ್ ಎಸ್ರು ತಾತ ಅವ್ರುದು?" ಎಂದಳು.

ಎರಡು ವರ್ಷ ಎದುರಿಗಿದ್ದೆ. ಆಕೆ ಕುಟ್ಟಿದ ಅಕ್ಕಿ ಉಂಡಿದ್ದೆ. ನನಗೆ ಗೊತ್ತಿರಲಿಲ್ಲ.