ಅಮ್ಮನ ತೂಕಕ್ಕೆ ಬಿಗಿದ ಬೋಲ್ಟು

ಬೆಳಗಿನ ಐದೂವರೆ. ಗೇಟಿನ ಒಳಗೆ ನಿಲ್ಲಿಸಿದ ನನ್ನ ಕಾರಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿವೆ. ಒಂದು ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕೆ ಬಿದ್ದಿದೆ. ಮುಂದಿನ ಚಕ್ರಗಳಿಗೆ ಎರಡೆರಡು ಇಟ್ಟಿಗೆ ಒತ್ತು ಕೊಟ್ಟಿದೆ. ಕಳ್ಳನಾದವನು ಇಟ್ಟಿಗೆ ಇಟ್ಟು ಜೋಪಾನವಾಗಿ ಕದಿಯುತ್ತಾನೆಯೇ ಎಂದು ಯೋಚಿಸುವಷ್ಟು ಬುದ್ಧಿ ಆ ಹೊತ್ತಿನಲ್ಲಿ ಯಾರಿಗಿರುತ್ತದೆ? ಕೈಗೆ ಸಿಕ್ಕ ಕೊಡೆ ಹಿಡಿದು "ಯಾರೋ ಅದು?" ಎಂದು ಗದರುತ್ತೇನೆ. ಕೆಳಗಿನಿಂದ ಬರುವುದು ಗುರುತಿನ ದನಿ.

"ನಾನೇ ಸಾರ್. ಕೂಗ್ಬೇಡಿ, ಅಕ್ಕಪಕ್ಕದವರು ಎದ್ದುಬಿಡ್ತಾರೆ. ನಿಮ್ ಫೋನು ಆಫ್ ಇತ್ತು, ಅದಕ್ಕೆ ಬಂದ್ಬಿಟ್ಟೆ. ಕಾರಿನ ಬೀಗ ತೆಗೀರಿ. ಅಮ್ಮ ಎದ್ದಿದ್ದಾರಾ? ಅವರನ್ನ ಸ್ವಲ್ಪ ಕರ್ಕೊಂಡು ಬನ್ನಿ, ಹಿಂದಿನ ಸೀಟಲ್ಲಿ ಕೂರ್ಬೇಕು."

ಇವರು ತೂಕದಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದನ್ನು ಕರೆಂಟ್ ಬಿಲ್ಲಿನವರು ಬಿಟ್ಟರೆ ಯಾರೂ ಬಳಸುವುದಿಲ್ಲ ಎಂದು ಅವರೇ ನಗುತ್ತಾರೆ. ವಯಸ್ಸು ಐವತ್ತೊಂಬತ್ತು. ಕಾರಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಚಕ್ರವನ್ನು ಹಿಡಿದಿರುವ ತೋಳುಗಳು, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳವರೆಗೆ ಓಡುವ ಶಾಫ್ಟು, ಇಷ್ಟನ್ನು ಬಿಚ್ಚಿ, ಸವೆದದ್ದನ್ನು ತೆಗೆದು, ಹೊಸದನ್ನು ಕೂರಿಸುವುದು ಇವರ ಕಸುಬು. ಎಂಜಿನ್ ಮುಟ್ಟುವುದಿಲ್ಲ. "ಅದಕ್ಕೆ ಬೇರೆ ಡಾಕ್ಟ್ರಿದ್ದಾರೆ. ನಂದೇನಿದ್ರೂ ಸೊಂಟದಿಂದ ಕೆಳಗೆ" ಎನ್ನುತ್ತಾರೆ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ, ಮುಚ್ಚಿಟ್ಟು ಬರೆದರೆ ಲೇಖನ ನಿಲ್ಲುವುದಿಲ್ಲ. ನನ್ನದು ಹದಿಮೂರು ವರ್ಷ ಹಳೆಯ ನಾಲ್ಕು ಬಾಗಿಲಿನ ಸ್ಪೋರ್ಟ್ಸ್ ಸೆಡಾನು. ಆಫೀಸಿಗೂ ಅದೇ, ತರಕಾರಿ ತರುವುದಕ್ಕೂ ಅದೇ. ಎರಡು ವರ್ಷದ ಹಿಂದೆ, ನೋಡಿದವರು ಬಾಯಿ ಬಿಡಬೇಕೆಂಬ ಚಪಲಕ್ಕೆ, ಅದಕ್ಕೆ ಗಿಡ್ಡ ಸ್ಪ್ರಿಂಗು ಹಾಕಿಸಿದೆ. ಕಾರು ನಾಲ್ಕು ಬೆರಳು ಕೆಳಗಿಳಿಯಿತು. ನೋಡಲು ಭರ್ಜರಿ. ಕೂತರೆ ಮಾತ್ರ, ರಸ್ತೆಯಲ್ಲಿ ಬಿದ್ದ ಬೆಂಕಿಪೊಟ್ಟಣದ ಮೇಲೆ ಹತ್ತಿದರೂ ಒಳಗೆ ಎಷ್ಟು ಕಡ್ಡಿ ಉಳಿದಿವೆ ಎಂದು ಬೆನ್ನು ಎಣಿಸಿ ಹೇಳುತ್ತಿತ್ತು. ನನಗೆ ಅದೇ ದೊಡ್ಡಸ್ತಿಕೆ.

ಏಳು ತಿಂಗಳ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಎಪ್ಪತ್ತನಾಲ್ಕು ವಯಸ್ಸು, ಸೊಂಟದ ಕೀಲು ಬದಲಿಸಬೇಕಾಯಿತು. ಅಲ್ಲಿಯವರೆಗೆ ಅವರದ್ದೊಂದು ನೇಮವಿತ್ತು: ಪ್ರತಿ ಗುರುವಾರ ತಮ್ಮ ಅಕ್ಕನನ್ನು, ಅಂದರೆ ನನ್ನ ದೊಡ್ಡಮ್ಮನನ್ನು ನೋಡಲು ಹೋಗುವುದು. ದೊಡ್ಡಮ್ಮ ಇರುವುದು ಮೂವತ್ತೇಳು ಕಿಲೋಮೀಟರ್ ದೂರದ ವೃದ್ಧರ ಆರೈಕೆ ಮನೆಯಲ್ಲಿ. ಅವರಿಗೆ ನೆನಪು ಒಂದೊಂದಾಗಿ ಕಳಚುತ್ತಿದೆ. ಆಪರೇಷನ್ ಆದ ಮೇಲೆ ಎರಡು ಸಲ ಅಮ್ಮನನ್ನು ಇದೇ ಕಾರಿನಲ್ಲಿ ಕರೆದುಕೊಂಡು ಹೊರಟೆ. ಮೊದಲ ಸಲ ರಸ್ತೆಯ ನಾಲ್ಕನೇ ಹಂಪಿಗೇ ವಾಪಸ್ಸು. ಎರಡನೇ ಸಲ ಹಲ್ಲು ಕಚ್ಚಿಕೊಂಡು ಒಂಬತ್ತು ಕಿಲೋಮೀಟರ್ ಬಂದರು, ಆಮೇಲೆ "ತಿರುಗಿಸು ಮಗಾ" ಎಂದು ಮನೆ ಸೇರುವ ತನಕ ಅತ್ತರು. ಅಪ್ಪ ಹೋದಾಗಲೂ ನನ್ನೆದುರು ಅಷ್ಟು ಅತ್ತಿರಲಿಲ್ಲ. ಬಾಡಿಗೆ ಕಾರು ಮಾಡೋಣವೆಂದರೆ ಒಪ್ಪಲಿಲ್ಲ. ಗುರುತಿಲ್ಲದ ಡ್ರೈವರನ ಮುಂದೆ ನೋವೆಂದು ಕಿರುಚಿಕೊಳ್ಳಲು ನಾಚಿಕೆಯಂತೆ.

ಹೋದ ತಿಂಗಳು ಆರೈಕೆ ಮನೆಯ ದಾದಿ ಫೋನ್ ಮಾಡಿದರು. "ಮಕ್ಕಳ ಗುರುತು ಹೋಗಿದೆ. ಯಜಮಾನರ ಹೆಸರೂ ಹೋಗಿದೆ. ದಿನಾ 'ತಂಗಿ ಬಂದ್ಲಾ' ಅಂತ ಕೇಳೋದೊಂದು ಉಳ್ಕೊಂಡಿದೆ. ಅದೂ ಎಷ್ಟು ದಿನಾನೋ ಹೇಳಕ್ಕಾಗಲ್ಲ. ಬರೋದಾದ್ರೆ ಬೇಗ ಬನ್ನಿ." ಅಮ್ಮ ಫೋನು ಕೆಳಗಿಟ್ಟು ಗೋಡೆ ನೋಡುತ್ತಾ ಕೂತುಬಿಟ್ಟರು. ಮಾರನೆಯ ದಿನ ನಾನು ತೂಕದಣ್ಣನ ಶೆಡ್ಡಿನ ಮುಂದೆ ನಿಂತಿದ್ದೆ.

ಶೆಡ್ಡು ಎಂದರೆ ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ನಡುವೆ ಆಳೆತ್ತರದ ಗುಂಡಿ. ಕಾರು ಗುಂಡಿಯ ಮೇಲೆ ನಿಂತರೆ ಇವರು ಕೆಳಗಿಳಿದು ಕೆಲಸ ಮಾಡುತ್ತಾರೆ. ಅರ್ಧ ಗೋಡೆಯ ಆಚೆ ಹೊಲಿಗೆ ಯಂತ್ರ. ಅಲ್ಲಿ ಅವರ ಹೆಂಡತಿ ಸೋಫಾ ಗವಸು ಹೊಲಿಯುತ್ತಾರೆ. ಈಚೆಯಿಂದ ಸುತ್ತಿಗೆ ಸದ್ದು, ಆಚೆಯಿಂದ ಯಂತ್ರದ ಸದ್ದು. ಇಬ್ಬರೂ ಜೋರಾಗಿಯೇ ಮಾತಾಡುತ್ತಾರೆ, ಕೇಳಿದವರಿಗೆ ಜಗಳ ಎನಿಸಬೇಕು.

ತೂಕದಣ್ಣ ಕಾರಿನ ಸುತ್ತ ಒಮ್ಮೆ ಬಂದರು. "ಏನ್ ಸಾರ್, ಕಾರನ್ನ ನೆಲಕ್ಕೇ ಅಂಟಿಸಿಬಿಟ್ಟಿದ್ದೀರಿ? ಇರುವೆ ದಾಟ್ಬೇಕಾದ್ರೂ ಸುತ್ತು ಹಾಕ್ಕೊಂಡು ಹೋಗ್ಬೇಕು." ನಾನು ಅಮ್ಮನ ವಿಷಯ ಹೇಳಿದೆ. ನಗು ನಿಂತಿತು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಕೇಳಿದರು: "ಮನೇಲಿ ಯಾರ್ಯಾರು? ಯಾರು ಎಲ್ಲಿ ಕೂರ್ತಾರೆ? ತೂಕ ಎಷ್ಟೆಷ್ಟು?" ನನ್ನದು ಎಪ್ಪತ್ತಾರು ಎಂದೆ. ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಎಂಬತ್ತೊಂದು ಎಂದು ಬರೆದುಕೊಂಡರು. ಮನೆಗೆ ಹೋಗಿ ತೂಗಿ ನೋಡಿದರೆ ಎಂಬತ್ತೊಂದೇ ಇದ್ದೆ!

ಈ ತೂಕದ ಗೀಳಿನ ಹಿಂದೆ ಕಾರಣವಿದೆ. ಚಕ್ರದ ತೋಳು ಕಾರಿನ ಮೈಗೆ ಸೇರುವಲ್ಲಿ ಒಂದು ರಬ್ಬರ್ ಬುಷ್ಷು ಇರುತ್ತದೆ, ಅದರೊಳಗೆ ತೂರಿ ಬರುವ ಬೋಲ್ಟು ಬಿಗಿಯಬೇಕು. ಕಾರನ್ನು ಜಾಕಿನ ಮೇಲೆತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ ಕೆಲಸ ಸಲೀಸು. ಆದರೆ ಕಾರು ಕೆಳಗಿಳಿದ ಮೇಲೆ ಆ ರಬ್ಬರು ತಿರುಚಿಕೊಂಡೇ ಇರುತ್ತದೆ. "ಕುತ್ತಿಗೆ ಒಂದು ಕಡೆ ತಿರುಗಿಸ್ಕೊಂಡು ಮಲಗಿ ನೋಡಿ ಸಾರ್, ಬೆಳಿಗ್ಗೆ ಹಿಡ್ಕೊಂಡಿರಲ್ವಾ? ಹಾಗೇ. ಅದು ಬಿಗ್ಕೊಂಡು ಕೂತ್ರೆ ಒಂದೊಂದು ಗುಂಡೀನೂ ನೇರ ಸೀಟಿಗೆ ಬಡಿಯತ್ತೆ. ಮೂರು ತಿಂಗಳಲ್ಲಿ ಹರಿದೂ ಹೋಗತ್ತೆ."

ಆದ್ದರಿಂದ ಇವರು ಕಾರು ನೆಲದ ಮೇಲಿದ್ದಾಗ, ಒಳಗೆ ದಿನಾ ಕೂರುವ ಜನರ ತೂಕವನ್ನೂ ಇಟ್ಟು, ಆಮೇಲೆ ಬಿಗಿಯುತ್ತಾರೆ. ತೂಕಕ್ಕೆ ಮರಳಿನ ಚೀಲಗಳು. ಹೊಲಿದುಕೊಡುವುದು ಹೆಂಡತಿ, ಸೋಫಾ ಬಟ್ಟೆಯ ಚೂರುಗಳಲ್ಲಿ. ಹಾಗಾಗಿ ಚೀಲಗಳೆಲ್ಲ ಹೂವಿನ ಚಿತ್ತಾರದವು. ಒಂದೊಂದಕ್ಕೂ ಚೀಟಿ. ನನ್ನ ಕಾರಿನ ಹಿಂದಿನ ಎಡ ಸೀಟಿನಲ್ಲಿ "ಅಮ್ಮ, ಐವತ್ತೆರಡು" ಎಂಬ ಚೀಟಿ ಅಂಟಿಸಿಕೊಂಡು ನೀಲಿ ಹೂವಿನ ಚೀಲವೊಂದು ಬೆಲ್ಟು ಕಟ್ಟಿಕೊಂಡು ಕೂತಿದ್ದನ್ನು ನೋಡಿ ನನಗೆ ನಗು ಬಂತು, ಆದರೂ ಬೆಲ್ಟು ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದೆ.

ಬೇರೆ ಮೆಕ್ಯಾನಿಕ್ಕುಗಳು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಬಿಗಿದರಾಯಿತು, ಮರಳು ಯಾಕೆ ಎನ್ನುತ್ತಾರೆ. ತೂಕದಣ್ಣನೂ ಒಂದು ಕಾಲಕ್ಕೆ ಹಾಗೇ ಇದ್ದವರು. ಹನ್ನೊಂದು ವರ್ಷ ಲಾರಿಗಳ ಸ್ಪ್ರಿಂಗಿಗೆ ಕಮಾನು ಪಟ್ಟಿ ಕಟ್ಟಿ, ಕಾರಿನ ಕೆಲಸಕ್ಕೆ ಬಂದ ಹೊಸತರಲ್ಲಿ, ರೋಗಿಗಳನ್ನು ಸಾಗಿಸುವ ವ್ಯಾನೊಂದಕ್ಕೆ ಎಲ್ಲ ಬೋಲ್ಟುಗಳನ್ನೂ ಜಾಕಿನ ಮೇಲೇ ಬಿಗಿದು ಕಳಿಸಿದರು. ಎರಡು ತಿಂಗಳಿಗೆ ವ್ಯಾನಿನ ನರ್ಸಮ್ಮ ಬಂದು ನಿಂತರು. "ಬೈಲಿಲ್ಲ ಸಾರ್. 'ಒಂದೊಂದು ಹಂಪಿಗೂ ಮಲಗಿದವರು ಚೀರ್ತಾರಪ್ಪ, ನಾನು ಅವರ ಕೈ ಹಿಡ್ಕೊಂಡು ಕೂರ್ತೀನಿ' ಅಂದ್ರು ಅಷ್ಟೆ. ಆವತ್ತು ನಂಗೆ ಊಟ ಇಳೀಲಿಲ್ಲ." ಅಂದಿನಿಂದ ಚೀಲ ಬಂತು.

ಮೂವತ್ತಾರು ವರ್ಷದ ಕಸುಬು. ವಾರಕ್ಕೆ ಒಂದೇ ಕಾರು. ದಿನಕ್ಕೆ ಆರು ಗಂಟೆ ಕತ್ತು ಮೇಲೆತ್ತಿಕೊಂಡೇ ಇರಬೇಕು. ಎಡಗೈ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ, ಎರಡು ಬೆರಳಿಗೆ ಉಗುರಿಲ್ಲ, ಕಣ್ಣಿಗೆ ಬಿದ್ದ ತುಕ್ಕಿನ ಚೂರು ತೆಗೆಸಲು ನಾಲ್ಕು ಸಲ ಆಸ್ಪತ್ರೆಗೆ ಹೋಗಿದ್ದಾರೆ. ಒಂದು ಕಾರಿಗೆ ನಲವತ್ತೆರಡು ಬೋಲ್ಟು. ಕೊನೆಯ ಬಿಗಿತ ಆದದ್ದಕ್ಕೆಲ್ಲ ಹಳದಿ ಬಣ್ಣದ ಒಂದೊಂದು ಚುಕ್ಕೆ. ಇಷ್ಟೆಲ್ಲ ಮಾಡಿದ ಕಾರನ್ನು ಯಾರಾದರೂ ಹೊಗಳುತ್ತಾರೆಯೇ ಎಂದರೆ, "ಯಾಕ್ ಹೊಗಳ್ತಾರೆ ಸಾರ್? ಹೊರಗಡೆಯಿಂದ ಏನೂ ಕಾಣಲ್ವಲ್ಲ" ಎಂದು ಪಾನಾ ಒರೆಸತೊಡಗುತ್ತಾರೆ.

ನನ್ನ ಕಾರಿಗೆ ಒಂಬತ್ತು ದಿನ ಹಿಡಿಯಿತು. ಗಿಡ್ಡ ಸ್ಪ್ರಿಂಗು ಹೋಯಿತು. ಅದರ ಜಾಗಕ್ಕೆ ಸರಿಯಾದ ಎತ್ತರದ ಸ್ಪ್ರಿಂಗು, ಅದಕ್ಕೆ ಜೊತೆಯಾಗುವ ಒಳ್ಳೆಯ ಶಾಕ್ ಅಬ್ಸಾರ್ಬರು, ಎಲ್ಲ ತೋಳುಗಳಿಗೂ ಹೊಸ ಬುಷ್ಷು. ಗೇರ್‌ಬಾಕ್ಸನ್ನು ಹೊತ್ತ ರಬ್ಬರ್ ಮೌಂಟು ಚಪ್ಪಟೆಯಾಗಿತ್ತು, ಶಾಫ್ಟಿನ ನಡುವಿನ ಬೇರಿಂಗು ಸವೆದು ಅರವತ್ತರ ವೇಗದಲ್ಲಿ ಸೀಟಿನಡಿ ಗುರ್ರೆನ್ನುತ್ತಿತ್ತು. ಅವೂ ಹೊಸದಾದವು. ನನ್ನ ಚಪಲ ಅಷ್ಟು ಸುಲಭಕ್ಕೆ ಸಾಯುತ್ತದೆಯೇ? "ತಿರುವಿನಲ್ಲಿ ಕಾರು ದೋಣಿಯ ಹಾಗೆ ತೂಗಾಡಬಾರದು" ಎಂದು ರಾಗ ಎಳೆದೆ. "ತಿರುವಲ್ಲಿ ನಿಮಗೂ ಬೇಜಾರಾಗ್ಬಾರ್ದು, ಗುಂಡೀಲಿ ಅಮ್ಮಂಗೂ ನೋವಾಗ್ಬಾರ್ದು. ಎರಡೂ ಆಗತ್ತೆ, ಅವಸರ ಮಾಡ್ಬೇಡಿ" ಎಂದರು. ಬುಧವಾರ ಸಂಜೆ ಕಾರು ಕೈಗೆ ಬಂತು. ಗುರುವಾರ ಏಳಕ್ಕೆ ಹೊರಡುತ್ತೇವೆ ಎಂದು ಹೇಳಿ ಬಂದೆ.

ಆ ಗುರುವಾರದ ಬೆಳಗಿನಲ್ಲೇ ಈಗ ಇವರು ನನ್ನ ಕಾರಿನ ಕೆಳಗಿರುವುದು. ಆದ ಎಡವಟ್ಟನ್ನು ಮಲಗಿದಲ್ಲಿಂದಲೇ ಹೇಳುತ್ತಾರೆ. ಕೊನೆಯ ಬಿಗಿತ ನಡೆಯುತ್ತಿದ್ದಾಗ ಅಮ್ಮನ ಚೀಲದ ಹೊಲಿಗೆ ಬಿಚ್ಚಿ ಮರಳು ಸುರಿಯತೊಡಗಿತು. ಹೆಂಡತಿ ಬಂದು, "ಸೀಟೆಲ್ಲಾ ಗಲೀಜಾಗತ್ತೆ, ಕೊಡಿ ಇಲ್ಲಿ" ಎಂದರು. ಇಬ್ಬರೂ ಸೇರಿ ಚೀಲವನ್ನು ಆಚೆ ಒಯ್ದರು, ಇವರು ಸೀಟು ಗುಡಿಸಿ ವಾಪಸ್ ಗುಂಡಿಗಿಳಿದರು, ಹಿಂದಿನದೆಲ್ಲ ಮುಗಿಯಿತೆಂದುಕೊಂಡು ಮುಂದಿನ ಚಕ್ರಗಳ ಬೋಲ್ಟುಗಳಿಂದ ಶುರು ಮಾಡಿಬಿಟ್ಟರು. ಹಿಂದಿನ ಎಡ ತೋಳಿನ ಬೋಲ್ಟೊಂದು, ಕೂರಿಸುವಾಗ ಜಾಕಿನ ಮೇಲೆ ತಾತ್ಕಾಲಿಕವಾಗಿ ಬಿಗಿದ ಹಾಗೇ ಉಳಿಯಿತು. ಈ ಬೆಳಿಗ್ಗೆ ಹೆಂಡತಿ ಕಸ ಗುಡಿಸುವಾಗ ಮೂಲೆಯ ನೀಲಿ ಚೀಲ ನೋಡಿ, "ಇದನ್ನ ಹೊಲಿದು ನಿಮಗೆ ವಾಪಸ್ ಕೊಟ್ಟೇ ಇಲ್ವಲ್ಲ ನಾನು" ಎಂದರಂತೆ. ಬಿಟ್ಟುಹೋದ ಬೋಲ್ಟು ತೂಕದಣ್ಣನಿಗೆ ನೆನಪಾದದ್ದು ಆಗ. ಅಮ್ಮ ಕೂರುವ ಸೀಟಿನ ಅಡಿಯದೇ ಅದು. ಬಾಯಿಯ ಹಲ್ಲುಪುಡಿಯನ್ನೂ ಸರಿಯಾಗಿ ತೊಳೆಯದೆ ಸೈಕಲ್ ಹತ್ತಿದ್ದಾರೆ.

"ನೋಡಿ, ಇಲ್ಲಿ ಚುಕ್ಕೆ ಇಲ್ಲ" ಎಂದು ಟಾರ್ಚ್ ಬಿಟ್ಟು ತೋರಿಸುತ್ತಾರೆ. "ನಾನು ಹೇಳದೇ ಇದ್ರೆ ನಿಮಗೆ ಗೊತ್ತಾಗ್ತಾ ಇರ್ಲಿಲ್ಲ. ಅಮ್ಮಂಗೆ ಗೊತ್ತಾಗ್ತಿತ್ತು."

ಅಮ್ಮ ಶಾಲು ಹೊದ್ದು, ಕೋಲೂರಿಕೊಂಡು, ಕಾಫಿ ಲೋಟ ನನ್ನ ಕೈಗೆ ಕೊಟ್ಟು ಬರುತ್ತಾರೆ. ಕಾರು ಎತ್ತರವಾದದ್ದರಿಂದ ಕುಕ್ಕರಿಸದೆ ನೇರ ಕೂರುತ್ತಾರೆ. ನಾನೂ ಸ್ಟೇರಿಂಗಿನ ಮುಂದೆ ಕೂರಬೇಕಂತೆ, ಎಂಬತ್ತೊಂದು ಕೆಜಿ ಬೇಕಲ್ಲ. ವಾಕಿಂಗ್ ಹೊರಟ ಎದುರು ಮನೆಯವರು, ಮಲಗುವ ಬಟ್ಟೆಯಲ್ಲೇ ತಾಯಿ ಮಗ ನಿಂತ ಕಾರಿನಲ್ಲಿ ಕೂತದ್ದನ್ನು ನೋಡಿ ನಡಿಗೆ ನಿಧಾನಿಸುತ್ತಾರೆ.

"ಅಮ್ಮಾ, ಅಲ್ಲಾಡ್ಬೇಡಿ" ಎಂದು ಕೆಳಗಿನಿಂದ ದನಿ.

"ನಾನೇನು ಕುಣೀತಿದ್ದೀನೇನಪ್ಪಾ?" ಎಂದು ಅಮ್ಮ. ಆಮೇಲೆ, "ಇಷ್ಟೊತ್ತಿಗೇ ಬಂದು ನೆಲದ ಮೇಲೆ ಮಲಗಿದ್ದೀಯಲ್ಲ, ಥಂಡಿ ಆಗಲ್ವಾ?"

"ಅಭ್ಯಾಸ ಆಗಿದೆ ಅಮ್ಮಾ. ತಪ್ಪು ನಂದು, ಹೊಟ್ಟೆಗೆ ಹಾಕ್ಕೊಳ್ಳಿ."

ಕಟ್ ಎಂದು ಬೋಲ್ಟು ಸಡಿಲವಾಗುವ ಸದ್ದು. ಹಿಂದಿನ ಎಡ ಮೂಲೆ ನಿಟ್ಟುಸಿರಿಟ್ಟಂತೆ ಕೂದಲೆಳೆಯಷ್ಟು ಇಳಿಯುತ್ತದೆ. ಆಮೇಲೆ ಉದ್ದ ಹಿಡಿಯ ಪಾನಾ, ಇವರ ಏದುಸಿರು, ಬಿಗಿತ. ತೂಕದಣ್ಣ ಹೊರಗೆ ತೆವಳಿ ಬಂದು ಬೆನ್ನಿನ ಮಣ್ಣು ಕೊಡವಿಕೊಳ್ಳುತ್ತಾರೆ. ಕಾಫಿ ಕುಡಿದು ಹೋಗಿ ಎಂದರೆ ನಿಲ್ಲುವುದಿಲ್ಲ, ಹೆಂಡತಿ ಕಾಯುತ್ತಿರುತ್ತಾಳೆ ಎಂದು ಸೈಕಲ್ ಹತ್ತುತ್ತಾರೆ. ನಾನು ಒಂದು ಥ್ಯಾಂಕ್ಸನ್ನೂ ನೆಟ್ಟಗೆ ಹೇಳಲಿಲ್ಲ. ಅದು ಕೊರೆಯುತ್ತಿದ್ದುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಏಳಕ್ಕೆ ಹೊರಟೆವು. ಮೊದಲ ಹಂಪಿನಲ್ಲಿ ನಾನು ಕನ್ನಡಿಯಲ್ಲಿ ನೋಡಿದೆ. ಅಮ್ಮ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ನಾಲ್ಕನೆಯದರಲ್ಲೂ ಹಿಡಿದಿದ್ದರು. ಒಂಬತ್ತನೇ ಕಿಲೋಮೀಟರ್ ದಾಟಿದಾಗ ನೋಡಿದರೆ ಕೈ ಮಡಿಲಲ್ಲಿತ್ತು. "ನೋವಾ ಅಮ್ಮಾ?" ಎಂದೆ. "ನೀನು ರಸ್ತೆ ನೋಡು" ಎಂದು ಗದರಿದರು.

ಆರೈಕೆ ಮನೆಯ ಕಿಟಕಿಯ ಪಕ್ಕ ದೊಡ್ಡಮ್ಮ ಕೂತಿದ್ದರು. ನನ್ನನ್ನು ನೋಡಿ ಯಾರೋ ಡಾಕ್ಟರು ಬಂದರೆಂದು ನಮಸ್ಕಾರ ಮಾಡಿದರು. ಅಮ್ಮ ಕೋಲೂರುತ್ತಾ ಹತ್ತಿರ ಹೋಗಿ ಎದುರು ನಿಂತರು. ದೊಡ್ಡಮ್ಮ ಮೇಲಿಂದ ಕೆಳಗೆ ನೋಡಿದರು, ಮತ್ತೆ ಮುಖಕ್ಕೆ ಬಂದರು. ದಾದಿಯೂ ನಾನೂ ಅಲ್ಲಾಡಲಿಲ್ಲ.

"ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ?" ದೊಡ್ಡಮ್ಮ ರೇಗಿದರು. "ಕಾದೂ ಕಾದೂ ನನ್ನ ಕಣ್ಣು ಬಿದ್ದುಹೋಯ್ತು. ಅಕ್ಕ ಅನ್ನೋಳು ಒಬ್ಬಳಿದ್ದಾಳೆ ಅಂತ ನೆನಪಿದ್ಯಾ ನಿಂಗೆ?"

"ಕಾರು ರಿಪೇರಿಗೆ ಕೊಟ್ಟಿದ್ವಿ ಅಕ್ಕಾ" ಎಂದರು ಅಮ್ಮ. ಪಕ್ಕದಲ್ಲಿ ಕೂತು ಅಕ್ಕನ ಕೈ ಎರಡೂ ಕೈಯಲ್ಲಿ ಹಿಡಿದುಕೊಂಡರು. ದೊಡ್ಡಮ್ಮ ಬೈಯುತ್ತಲೇ ಇದ್ದರು, ಅರ್ಧ ಗಂಟೆ. ನಾನು ಹೊರಗೆ ಬಂದು ಕಾರಿಗೆ ಒರಗಿ ನಿಂತು ಅತ್ತೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ವಾಪಸ್ಸು ಬರುವಾಗ ಅಮ್ಮನೇ ಶೆಡ್ಡಿನ ಕಡೆ ತಿರುಗಿಸು ಎಂದರು. ತೂಕದಣ್ಣ ಇನ್ನೊಂದು ಕಾರಿನ ಅಡಿಯ ಗುಂಡಿಯಲ್ಲಿದ್ದರು, ತಲೆ ಮಾತ್ರ ಕಾಣುತ್ತಿತ್ತು. ಅಮ್ಮನನ್ನು ನೋಡಿ ಅಲ್ಲಿಂದಲೇ ಕೈ ಮುಗಿದರು, ಗ್ರೀಸು ಮೆತ್ತಿದ ಕೈ. ಆಚೆಯ ಹೊಲಿಗೆ ಯಂತ್ರವೂ ನಿಂತಿತು.

"ಏನಮ್ಮಾ, ಅಕ್ಕ ಗುರುತು ಹಿಡಿದ್ರಾ?"

"ಬೈದ್ಲಪ್ಪಾ" ಎಂದರು ಅಮ್ಮ, ಕಣ್ಣೊರೆಸಿಕೊಂಡು. "ಹೊಟ್ಟೆ ತುಂಬಾ ಬೈದ್ಲು. ನಿನ್ನಿಂದ ಆಯ್ತು. ನೀನು ಚೆನ್ನಾಗಿರ್ಬೇಕು."

ತೂಕದಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಆಮೇಲೆ ಅಮ್ಮನನ್ನೇ ನೋಡಿ ಹೇಳಿದರು:

"ಮುಂದಿನ ಗುರುವಾರಾನೂ ಹೋಗಿ ಬೈಸ್ಕೊಂಡು ಬನ್ನಿ ಅಮ್ಮಾ. ಕಾರಿನ ಚಿಂತೆ ಬಿಡಿ, ಅದು ನಂದು."