ಹುರುಳಿ ಹರವಿದ ರಸ್ತೆಯಲ್ಲಿ ಹೊಸ ಬ್ರೇಕು

ನಮ್ಮ ಕಾರಿನಲ್ಲಿ ನೆಲದ ಚಾಪೆ ಸವೆದಿರುವುದು ನನ್ನ ಕಡೆಯಲ್ಲ, ಪಕ್ಕದಲ್ಲಿ ಕೂರುವ ಹೆಂಡತಿ ಶಾರದೆಯ ಕಡೆ. ನಾನು ಬ್ರೇಕು ಒತ್ತಿದಾಗಲೆಲ್ಲ ಅವಳೂ ಬರಿಯ ನೆಲವನ್ನು ಒತ್ತುತ್ತಾಳೆ. ಎಷ್ಟೋ ಸಲ ನನಗಿಂತ ಮೊದಲೇ.

ಕಾರು ನನ್ನ ಸೋದರಮಾವನಿಂದ ನನಗೆ ಬಂದದ್ದು. ನನಗೆ ಅರವತ್ತನಾಲ್ಕು, ಅದು ನನಗಿಂತ ಎರಡು ವರ್ಷ ಚಿಕ್ಕದು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಅಂದರೆ, ತಿರುಗುವ ಡಬರಿಯೊಳಗೆ ಕೈಯಿಟ್ಟು, ಅಂಗೈಯಿಂದ ಅದರ ಗೋಡೆ ಒತ್ತಿ ನಿಲ್ಲಿಸಿದ ಹಾಗೆ. ನಿಲ್ಲುತ್ತದೆ, ತನ್ನ ಪುರುಸೊತ್ತಿನಲ್ಲಿ. ಬೆಟ್ಟ ಇಳಿದು ಡ್ರಮ್ಮು ಕಾದಿದ್ದರೆ ಪುರುಸೊತ್ತು ಇನ್ನೂ ಹೆಚ್ಚು. ಚಿಂತಾಮಣಿಯಿಂದ ಅಂಬಾಜಿದುರ್ಗದ ಪಕ್ಕದ ನಮ್ಮ ತೋಟಕ್ಕೆ ಹೋಗುವಾಗ, ತಿರುವಿನ ಹುಣಸೆಮರ ಕಂಡ ಕೂಡಲೇ ಪೆಡಲಿನ ಮೇಲೆ ಕಾಲಿಡಬೇಕಿತ್ತು. ಆಗ ತೋಟದ ಗೇಟಿಗೆ ಸರಿಯಾಗಿ ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಹೋದ ದೀಪಾವಳಿಗೆ ಕಾರನ್ನು ಗೌರಿಬಿದನೂರಿನ ಮೆಕ್ಯಾನಿಕ್ ಖಲೀಲ್ ಸಾಬರಲ್ಲಿಗೆ ಒಯ್ದೆ. ಅಲೀಪುರದವರು, ಹಳೆಯ ಕಾರುಗಳನ್ನು ಮನೆಯ ಹಿರಿಯರಂತೆ ಮಾತಾಡಿಸುತ್ತಾರೆ. ಮುಂದಿನ ಎರಡು ಚಕ್ರಕ್ಕೆ, ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಡಿಸ್ಕ್ ಬ್ರೇಕು ಕೂರಿಸಿದರು, ಪೆಡಲಿಗೆ ಬಲ ಕೊಡುವ ಬೂಸ್ಟರನ್ನೂ ಹಾಕಿದರು.

"ಇನ್ಮೇಲೆ ಬೆರಳಲ್ಲಿ ಒತ್ತಿದ್ರೂ ನಿಲ್ಲತ್ತೆ ಮೇಷ್ಟ್ರೇ," ಎಂದರು. "ನಿಮ್ಮ ಹಳೇ ಕಾಲಿಗೆ ಮಾತ್ರ ಸ್ವಲ್ಪ ಬುದ್ಧಿ ಹೇಳಿ."

ಕಾಲು ಬೇಗ ಕಲಿಯಿತು. ವಾರದೊಳಗೆ ಹುಣಸೆಮರ ದಾಟಿದ್ದೇ ನನಗೆ ತಿಳಿಯುತ್ತಿರಲಿಲ್ಲ. ಶಾರದೆ ಮಾತ್ರ ಮರದ ಬಳಿಯೇ ಒತ್ತುತ್ತಿದ್ದಳು.

"ಡಿಸ್ಕ್ ಇದೆ ಕಣೇ," ಎನ್ನುತ್ತಿದ್ದೆ.

"ಇರ್ಲಿ. ನನ್ನ ಕಡೆ ಇನ್ನೂ ಹಾಕ್ಸಿಲ್ವಲ್ಲ."

ಸಂಕ್ರಾಂತಿಗೆ ಮುಂಚೆ ನಮ್ಮ ಕಡೆ ರಸ್ತೆಯೇ ಕಣ. ಹುರುಳಿಯ ಗಿಡ ಕಿತ್ತು ಟಾರಿನ ಮೇಲೆ ಹರವುತ್ತಾರೆ. ಹೋಗಿಬರುವ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸುತ್ತವೆ. ಆ ಬೆಳಿಗ್ಗೆ ತಿರುವು ದಾಟಿದಾಗ ರಸ್ತೆಯಗಲಕ್ಕೂ ಹುರುಳಿ. ಅದರ ಆಚೆ ತುದಿಯಲ್ಲಿ, ನಮ್ಮ ತೋಟದ ಪಕ್ಕದ ಮನೆಯ ಮುನಿಯಮ್ಮ ಕುಕ್ಕರಗಾಲಲ್ಲಿ ಕೂತು ಕಾಳು ಗುಡಿಸುತ್ತಿದ್ದರು. ಬೆನ್ನು ನಮ್ಮ ಕಡೆಗೆ.

ಬ್ರೇಕು ಒತ್ತಿದೆ. ಖಲೀಲ್ ಸಾಬರು ಹೇಳಿದ ಹಾಗೆಯೇ ಚಕ್ರಗಳು ಆ ಕ್ಷಣವೇ ನಿಂತವು. ಕಾರು ನಿಲ್ಲಲಿಲ್ಲ. ಒಣಗಿದ ಬಳ್ಳಿಯ ಮೇಲೆ ಜಾರುತ್ತ ಹೋಯಿತು. ಹಾರನ್ನಿನ ನೆನಪು ಬರಲಿಲ್ಲ. ಘರ್ಷಣೆಯ ಪಾಠವನ್ನು ಇಪ್ಪತ್ತೆಂಟು ವರ್ಷ ಮಾಡಿದ ಮೇಷ್ಟ್ರು ನಾನು; ಸ್ಟಿಯರಿಂಗ್ ಹಿಡಿದು ಕೂತಿದ್ದೆ, ಅಷ್ಟೆ.

ನಿಂತಾಗ ಬಂಪರಿಗೂ ಅವರ ಬೆನ್ನಿಗೂ ನಡುವೆ ಒಂದು ಮೊರದಷ್ಟು ಜಾಗ. ಊಹೆಯಲ್ಲ, ಅವರ ಮೊರ ಆ ಜಾಗದಲ್ಲೇ ಇತ್ತು, ಅಲುಗಿರಲಿಲ್ಲ.

ಇಳಿದೆ. ಅವರ ಎದುರಿಗೆ ಹೋದೆ. "ಕಾರು ಬಂದಿದ್ದು ಕೇಳಿಸ್ಲಿಲ್ವೇನಮ್ಮಾ?"

"ಕೇಳಿಸ್ತಪ್ಪ. ನಿಮ್ ಕಾರಿನ ಸದ್ದು ನಂಗೊತ್ತಿಲ್ವಾ?" ಮುನಿಯಮ್ಮ ಕೈಯ ಪೊರಕೆ ಬಿಟ್ಟಿರಲಿಲ್ಲ. "ಬೇರೆ ಗಾಡಿ ಆಗಿದ್ರೆ ಎದ್ದು ಓಡ್ತಿದ್ದೆ. ನಿಮ್ದು ಮರದ ಹತ್ರಾನೇ ಮೆಲ್ಲಗಾಗತ್ತಲ್ಲ ಅಂತ ಕೂತಿದ್ದೆ." ಆಮೇಲೆ ಕಾರು ಜಾರಿದ ಗುರುತನ್ನು ಉದ್ದಕ್ಕೂ ನೋಡಿದರು. "ಒಕ್ಕಣೆಯೇನೋ ಚೆನ್ನಾಗಾಯ್ತು ಬಿಡಿ."

ತಿರುಗಿ ನೋಡಿದರೆ ಶಾರದೆ ಇಳಿದೇ ಇರಲಿಲ್ಲ. ಅವಳ ಕಾಲು ಇನ್ನೂ ಚಾಪೆಯನ್ನು ಒತ್ತಿಕೊಂಡೇ ಇತ್ತು.

ನಮ್ಮ ಕಾರು ಎಲ್ಲಿ ನಿಧಾನವಾಗುತ್ತದೆ ಎಂಬುದು ನನ್ನ ಮನೆಯ ವಿಷಯ ಎಂದುಕೊಂಡಿದ್ದೆ. ಅದನ್ನು ನಂಬಿ ಒಬ್ಬರು ಇಪ್ಪತ್ತು ವರ್ಷದಿಂದ ರಸ್ತೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಬ್ರೇಕು ಬದಲಾಯಿಸುವ ಮುಂಚೆ ಖಲೀಲ್ ಸಾಬರನ್ನು ಕೇಳಿದೆ, ಶಾರದೆಯನ್ನು ಕೇಳಿದೆ. ಮುನಿಯಮ್ಮನಿಗೆ ಹೇಳಬೇಕೆಂದು ಹೊಳೆಯಲಿಲ್ಲ.

ಡಿಸ್ಕ್ ತೆಗೆಸಿಲ್ಲ. ಒಳ್ಳೆಯ ಬ್ರೇಕು ಅದು. ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ ಅದಕ್ಕೆ ಬೇಕಾದಷ್ಟು ಕೆಲಸವಿದೆ. ತೋಟದ ದಾರಿಯಲ್ಲಿ ಮಾತ್ರ, ಹುಣಸೆಮರ ಕಂಡ ಕೂಡಲೇ ಪೆಡಲಿನ ಮೇಲೆ ಕಾಲಿಡುತ್ತೇನೆ. ಮೊನ್ನೆ ಮುನಿಯಮ್ಮ ಅಲ್ಲೇ ಗುಡಿಸುತ್ತಿದ್ದರು. ಮರದ ಹತ್ತಿರವೇ ಮೆಲ್ಲಗಾದೆ. ಆದರೂ ಅವರು ಎದ್ದು ಬದಿಗೆ ಸರಿದು, ನಾವು ದಾಟುವ ತನಕ ನಿಂತೇ ನೋಡಿದರು. ಏಳದೆ ಕೂರುವ ದಿನ ಇನ್ನೂ ಬಂದಿಲ್ಲ. ನನಗೇನೂ ಅವಸರವಿಲ್ಲ.