ತವರೂರಿನಲ್ಲಿ ಮನೆ ಬೇಡ ಎಂದು ಹೇಳುವುದು ಹೇಗೆ

ನನ್ನ ಗಂಡನಿಗೆ ಯಾದಗಿರಿಯಿಂದ ವರ್ಗವಾದದ್ದು ಶಹಾಪುರಕ್ಕೂ ಸುರಪುರಕ್ಕೂ ಬರೋಬ್ಬರಿ ನಡುವೆ ಇರುವ ಒಂದು ಹಳ್ಳಿಯ ಶಾಲೆಗೆ. ವರ್ಗ ಮಾಡಿದವರು ನಮ್ಮ ಮನೆಯ ಜಗಳ ಕೇಳಿಸಿಕೊಂಡೇ ಆ ಹಳ್ಳಿಯನ್ನು ಆರಿಸಿದರೇನೋ ಎಂದು ನನಗೆ ಇವತ್ತಿಗೂ ಅನುಮಾನ. ಆ ಹಳ್ಳಿಯಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ. ಯಾದಗಿರಿಯಿಂದ ದಿನಾ ಓಡಾಡಿದರೆ ಮನುಷ್ಯ ಬಸ್ಸಿನಲ್ಲೇ ಮುದುಕನಾಗುತ್ತಾನೆ. ಎರಡರಲ್ಲಿ ಒಂದು ಊರು ಹಿಡಿಯಲೇಬೇಕಿತ್ತು. ಶಹಾಪುರ ಇವರ ಊರು, ಸುರಪುರ ನನ್ನ ತವರು.

ಈ ಎರಡು ಊರುಗಳ ಜಗಳ ನಮ್ಮಲ್ಲಿ ಹೊಸದೇನಲ್ಲ, ಮದುವೆಯಾದ ವಾರದಿಂದಲೇ ಶುರುವಾದದ್ದು.

"ನಿಮ್ಮೂರಾಗ ಗುಡ್ಡ ಬಿಟ್ಟರ ಮತ್ತೇನದ? ಕಾಯಿಪಲ್ಯಾ ತರಾಕ ಹೋದರೂ ಏರು, ಹೊಳ್ಳಿ ಬಂದರೂ ಏರು" ಎಂದು ಇವರು ಶುರು ಮಾಡುತ್ತಿದ್ದರು.

"ನಿಮ್ಮೂರಾಗೂ ಗುಡ್ಡಾನೇ ಅದ. ಅದೂ ಮಲಕೊಂಡದ" ಎನ್ನುತ್ತಿದ್ದೆ ನಾನು. ಶಹಾಪುರದ ಗುಡ್ಡ ದೂರದಿಂದ ನೋಡಿದರೆ ಮಲಗಿದ ಬುದ್ಧನ ಹಾಗೆ ಕಾಣುತ್ತದೆ.

"ಅಂವ ಬುದ್ಧ. ಶಾಂತ ಮಲಗ್ಯಾನ. ನಿಮ್ಮೂರ ಗುಡ್ಡದಂಗ ಜಗಳಕ್ಕ ನಿಂತಿಲ್ಲ."

"ನಮ್ಮದು ಅರಸರ ಊರ್ರಿ. ನಿಮ್ಮದು ಅಡತಿ ಅಂಗಡಿ ಊರು, ಮುಂಜಾನಿಂದ ಸಂಜೀತನಕ ಹತ್ತಿ, ಜ್ವಾಳ, ಚೀಲ, ಲಾರಿ. ನಮ್ಮೂರ ಮಂಗ್ಯಾ ಸೈತ ಮರ್ಯಾದಸ್ತ ಅವ, ಕೇಳಿ ಒಯ್ತಾವ."

ಕೇಳಿದವರಿಗೆ ನಾನು ಸುರಪುರದಲ್ಲಿ ಮನೆ ಮಾಡಲು ತುದಿಗಾಲಲ್ಲಿ ನಿಂತಿದ್ದೇನೆ ಎಂದೇ ಅನ್ನಿಸಬೇಕು. ಖರೇ ಹೇಳಬೇಕೆಂದರೆ, ಗೆಲ್ಲುವ ಮನಸ್ಸು ನನಗೆ ಯಾವತ್ತೂ ಇರಲಿಲ್ಲ. ಇವರು ಏನು ಮಾಡಿದರೂ ಒಪ್ಪುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಅಷ್ಟು ಜೋರು ಮಾಡುತ್ತಿದ್ದೆ. ತವರೂರಿನಲ್ಲೇ ಹೋಗಿ ಕೂತರೆ ನನಗೆ ತವರೇ ಇಲ್ಲದಂತಾಗುತ್ತಿತ್ತು.

ಇದು ಗಂಡಸರಿಗೆ ಸುಲಭಕ್ಕೆ ತಿಳಿಯುವ ಮಾತಲ್ಲ, ಬಿಡಿಸಿಯೇ ಹೇಳುತ್ತೇನೆ. ನಮ್ಮ ಕಡೆ ನಾಗರ ಪಂಚಮಿ ಬಂತೆಂದರೆ ಮದುವೆಯಾದ ಹೆಣ್ಣುಮಕ್ಕಳನ್ನು ಕರೆದೊಯ್ಯಲು ತವರಿನಿಂದ ಅಣ್ಣನೋ ತಮ್ಮನೋ ಬರಬೇಕು. ನಾವಾಗಿ ಬ್ಯಾಗು ಹಿಡಿದು ಹೊರಟರೆ ಅದಕ್ಕೆ ಮರ್ಯಾದೆಯಿಲ್ಲ. ನನ್ನ ತಮ್ಮ ಪ್ರತಿ ವರ್ಷ ಸುರಪುರದಿಂದ ಯಾದಗಿರಿಗೆ ಬರುತ್ತಿದ್ದ. ಅವನು ನಮ್ಮ ಹೊಸ್ತಿಲ ಹೊರಗೆ ಚಪ್ಪಲಿ ಬಿಡುವುದನ್ನು ಕಂಡ ಕೂಡಲೇ ನನ್ನ ಕೈಕಾಲಿಗೆ ಸೋಮಾರಿತನ ಬರುತ್ತಿತ್ತು. ಊರಿಗೆ ಹೋದ ಮೇಲೆ ನಾನು ಈ ಕಡೆಯ ಕಡ್ಡಿ ಎತ್ತಿ ಆ ಕಡೆ ಇಡುತ್ತಿರಲಿಲ್ಲ. ಅವ್ವ ತಲೆಗೆ ಎಣ್ಣೆ ತಿಕ್ಕಿ ಎರೆಯುತ್ತಿದ್ದಳು. ಬಿಸಿಲೇರುವ ತನಕ ಮಲಗಿದರೂ ಏಳು ಎನ್ನುವವರಿರಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಜೋಕಾಲಿ, ಮತ್ತೆ ಶೇಂಗಾ ಉಂಡಿ. ವರ್ಷವೆಲ್ಲ ನಾನು ಒಬ್ಬರ ಹೆಂಡತಿ, ಒಂದು ಮನೆಯ ಸೊಸೆ. ಆ ನಾಲ್ಕು ದಿನ ಮಾತ್ರ ಮಗಳು.

ತವರೂರಿನಲ್ಲೇ ಉಳಿದ ಮಗಳ ಗತಿ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ನನ್ನ ಅಕ್ಕನನ್ನು ಕೊಟ್ಟದ್ದು ಸುರಪುರದಲ್ಲೇ, ಅವ್ವನ ಮನೆಯಿಂದ ಎರಡು ಓಣಿ ಆಚೆ. ಪಂಚಮಿಗೆ ತಮ್ಮನ ಹೆಂಡತಿ ತನ್ನ ತವರಿಗೆ ಹೋಗಿರುತ್ತಾಳೆ, ಅವ್ವನಿಗೆ ಮೊಣಕಾಲು ನೋವು, ನಾನು ಜೋಕಾಲಿಯ ಮೇಲೆ. ಇನ್ನು ರೊಟ್ಟಿ ಬಡಿಯುವವರು ಯಾರು? ಅವ್ವ ಅಕ್ಕನಿಗೆ ಫೋನು ಹಚ್ಚುತ್ತಿದ್ದಳು. "ಏ, ಜಲ್ದಿ ಬಾ. ತಂಗಿ ಬಂದಾಳ, ರೊಟ್ಟಿ ಆಗಬೇಕು." ಅಕ್ಕ ತನ್ನ ಮನೆಯ ರೊಟ್ಟಿ ಮುಗಿಸಿ, ಸೆರಗು ಸಿಗಿಸಿಕೊಂಡು ಬಂದು, ನಮ್ಮ ಮನೆಯ ರೊಟ್ಟಿಗೆ ಕೂಡುತ್ತಿದ್ದಳು.

"ಉಂಡ ಗಂಗಾಳರ ಎತ್ತಬೇ ಮಹಾರಾಣಿ" ಎಂದು ಬೈಯುತ್ತಿದ್ದಳು.

"ನಾ ಕರಸ್ಕೊಂಡು ಬಂದಾಕಿ. ನಾ ಎತ್ತಂಗಿಲ್ಲ" ಎಂದು ನಾನು ಇನ್ನಷ್ಟು ಕಾಲು ಚಾಚುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಇವರು ಶಾಲೆಯಿಂದ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ದೊಡ್ಡ ದಾನ ಮಾಡುವವರ ಮುಖ ಮಾಡಿಕೊಂಡು ಹೇಳಿದರು: "ಆತು, ಸುರಪುರಾನೇ ಆಗ್ಲಿ. ದವಾಖಾನಿಗಿ, ಕೋರ್ಟಿಗಿ ಅಂತ ಯಾದಗಿರಿಗಿ ಬಂದ ನಮ್ಮ ಮಂದಿಗೆಲ್ಲ ಇಷ್ಟು ವರ್ಷ ಮಾಡಿ ಹಾಕಿದಿ. ಇನ್ನ ಮ್ಯಾಲ ನಿಮ್ಮವ್ವನ ಹತ್ರ ಆರಾಮ ಇರು."

ನನ್ನ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ಬಿತ್ತು.

"ಹೌದ್ರೀ?" ಎಂದೆ. ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ.

"ನೋಡು, ಖುಷಿಗಿ ಬಾಯಾಗಿಂದ ಮಾತೇ ಹೊರಡವಲ್ದು" ಎಂದು ಇವರು ನಕ್ಕು, ಮುಖ ತೊಳೆಯಲು ಹೋದರು. ಈ ಮನುಷ್ಯ ಮದುವೆಯಾದಾಗಿನಿಂದ ನನ್ನ ಒಂದು ಮಾತಿಗೂ ಹೂಂ ಎಂದವರಲ್ಲ. ಹೂಂ ಅನ್ನಲು ಇದೇ ಮಾತು ಬೇಕಿತ್ತೇ!

ಬೇಡ ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಗೆ ಹೇಳಲಿ? ಇಷ್ಟು ವರ್ಷ ಹೊಗಳಿದ ಊರನ್ನು ಬೇಡ ಎಂದರೆ ಇವರು ಸಾಯುವ ತನಕ ಆಡಿಕೊಳ್ಳುತ್ತಾರೆ. ಮಗಳು ನಮ್ಮೂರಿಗೆ ಬರಲು ಒಲ್ಲೆ ಎಂದಳಂತೆ ಎಂದು ಗೊತ್ತಾದರೆ ಅವ್ವ ಊಟ ಬಿಡುತ್ತಾಳೆ. ಊರಿನವರಂತೂ, "ತಮ್ಮನ ಹೆಂಡ್ತಿ ಕೂಡ ಬಿಗಡಾಯಿಸ್ಯಾದೇನು?" ಎಂದು ಕೇಳಿಯೇ ಕೇಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡು, ಮನೆ ನೋಡಲು ಇವರ ಹಿಂದೆ ಸುರಪುರದ ಬಸ್ಸು ಹತ್ತಿದೆ. ಯಾವ ಮನೆಯನ್ನೂ ಒಪ್ಪಬಾರದು ಎಂದು ನಿರ್ಧಾರ ಮಾಡಿದ್ದೆ.

ಮೊದಲನೆಯ ಮನೆ ಒಳ್ಳೆಯದೇ ಇತ್ತು, ದೇವರಾಣೆ. ನಾನು ಅಡುಗೆಮನೆಯ ಕಿಟಕಿ ತೆಗೆದು, "ಯಪ್ಪಾ, ಎಷ್ಟು ಗಾಳಿ! ಒಲಿ ಹತ್ತಂಗಿಲ್ಲ" ಎಂದೆ.

"ನಮ್ಮ ಗುಡ್ಡದ ಗಾಳಿಗಿ ಔಷಧದ ಗುಣ ಅದ ಅಂತಿದ್ದಿ" ಎಂದರು ಇವರು.

ಎರಡನೆಯ ಮನೆಯ ಮುಂದೆ ನಿಂತು ಎದೆ ಹಿಡಿದುಕೊಂಡೆ. "ಏರು ಭಾಳ ಆತ್ರಿ."

"ಏರು ಹತ್ತಿದವರಿಗಿ ಸಕ್ಕರಿ ಕಾಯಿಲೆ ಬರಂಗಿಲ್ಲಂತ ನೀನೇ ಹೇಳಿದ್ದಿ."

ಮೂರನೆಯದರ ಮಾಳಿಗೆಯ ಮೇಲೆ ಒಂದು ಮಂಗ ಕೂತಿತ್ತು. ನನಗೆ ದೇವರೇ ಕಳಿಸಿದ ಹಾಗಾಯಿತು. "ಮಂಗ್ಯಾ! ಬ್ಯಾಡ್ರಿ, ಹಪ್ಪಳ ಒಣಗಿಸಾಕ ಬರಂಗಿಲ್ಲ" ಎಂದು ಚೀರಿದೆ.

"ಮರ್ಯಾದಸ್ತ ಮಂಗ್ಯಾ ಅವ. ಕೇಳಿ ಒಯ್ತಾವ" ಎಂದು ಇವರು ಆ ಮಂಗನಿಗೆ ಕೈ ಮುಗಿಯುವುದೊಂದು ಬಾಕಿ. ನನ್ನ ಮಾತುಗಳನ್ನೆಲ್ಲ ಈ ಮನುಷ್ಯ ಇಷ್ಟು ಜೋಪಾನವಾಗಿ ನೆನಪಿಟ್ಟುಕೊಂಡಿದ್ದಾರೆ ಎಂದು ಗೊತ್ತಿದ್ದರೆ ಒಂದಿಷ್ಟು ಒಳ್ಳೆಯ ಮಾತನ್ನೂ ಆಡಿರುತ್ತಿದ್ದೆ.

ಕಡೆಗೆ ನನ್ನ ತಮ್ಮ ಓಡಿ ಬಂದ. ಅವನು ಒಂದು ಮನೆ ಗೊತ್ತು ಮಾಡಿದ್ದ. ಎಲ್ಲಿ? ಅವ್ವನ ಮನೆಯ ಪಕ್ಕದ್ದೇ. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಅಲ್ಲಿ ಏರು ಇರಲಿಲ್ಲ, ಗಾಳಿ ಹದವಾಗಿತ್ತು, ಮಂಗನೂ ಇರಲಿಲ್ಲ. ನಾನು ನಲ್ಲಿ ತಿರುವಿದೆ, ನೀರೂ ಬಂತು.

ಅವ್ವನ ಮನೆಯಲ್ಲಿ ಎಲ್ಲರೂ ಚಹಾಕ್ಕೆ ಕೂತೆವು. ಒಳಗೆ ಅಕ್ಕ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು. ಆ ದಿನವೂ ಆಕೆಗೆ ಫೋನು ಹೋಗಿತ್ತು. ಇವರು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ಅತ್ತೀ, ನಿಮ್ಮ ಮಗಳನ್ನ ನಿಮಗ ಹೊಳ್ಳಿ ಕೊಟ್ಟೀನಿ ನೋಡ್ರಿ" ಎಂದರು.

"ಭಾಳ ಚಲೋ ಆತು ಮಾಮಾ" ಎಂದ ನನ್ನ ತಮ್ಮ. "ಇನ್ನ ಮ್ಯಾಲ ಪಂಚಮಿಗಿ ಯಾದಗಿರಿತನಕ ಹೋಗೋದೇ ಬ್ಯಾಡ. ಈ ಕಡಿಂದ ಗ್ವಾಡಿ ಬಡೀತೀನಿ, ಆ ಕಡಿಂದ ಈ ಅಕ್ಕ ಬಂದುಬಿಡ್ತಾಳ."

ಎಲ್ಲರೂ ನಕ್ಕರು. ನಾನು ಅತ್ತೆ. ಕಣ್ಣಂಚಿನಲ್ಲಿ ನೀರು ತಂದುಕೊಂಡು ಒರೆಸಿಕೊಳ್ಳುವ ಅಳು ಅಲ್ಲ. ಬಾಯಿ ತೆರೆದು, ಮೂಗು ಸುರಿಸಿ, ಮಕ್ಕಳು ಅಳುವ ಹಾಗೆ ಅತ್ತೆ.

"ಖುಷಿ ಆಗ್ಯಾದ ಕೂಸಿಗಿ" ಎಂದು ಅವ್ವ ನನ್ನ ಬೆನ್ನು ಸವರಿದಳು.

ಕೈಗೆ ಹಿಟ್ಟು ಮೆತ್ತಿಕೊಂಡೇ ಅಕ್ಕ ಹೊರಗೆ ಬಂದಳು. "ಖುಷೀನೂ ಅಲ್ಲ, ಏನೂ ಅಲ್ಲ. ಆಕಿಗಿ ಇಲ್ಲಿ ಮನಿ ಬ್ಯಾಡಾಗ್ಯಾದ."

"ಹಂಗೇನಿಲ್ಲ..." ಎಂದೆ ನಾನು.

"ಸುಮ್ಕ ಕೂಡು. ನಾ ಹೇಳ್ತೀನಿ." ಆಕೆ ಇವರ ಕಡೆ ತಿರುಗಿದಳು. "ತವರಂದ್ರ ನಡುವ ಒಂದ್ ಬಸ್ಸರ ಇರಬೇಕ್ರಿ. ಎರಡು ಓಣಿ ದಾಟಿ ಬರೋದಾದ್ರ ಅದು ತವರಲ್ಲ, ಎರಡನೇ ಅಡಿಗಿಮನಿ."

ಅವ್ವನಿಗೆ ಸಿಟ್ಟು ಬಂತು. "ನಿಂಗೇನ್ ಕಡಿಮಿ ಮಾಡೀನಬೇ ನಾ? ದಿನಾ ಬರ್ತಿ, ದಿನಾ ಹೋಗ್ತಿ."

"ಹೌದಬೇ, ದಿನಾ ಬರ್ತೀನಿ. ಅದಕ್ಕ ಯಾರೂ ಕರಿಯಾಕ ಬರಂಗಿಲ್ಲ. ಮದುವಿ ಆದಾಗಿಂದ ಒಂದ್ ಪಂಚಮಿಗೂ ನನ್ನ ಕರಿಯಾಕ ಯಾರೂ ಬಂದಿಲ್ಲ." ಮನೆಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಇದನ್ನು ಹೇಳಿದಳು. ಆಮೇಲೆ, "ರೊಟ್ಟಿ ಹೊತ್ತಾಕತ್ತದ" ಎಂದು ಒಳಗೆ ಹೋದಳು.

ನನ್ನ ಅಳು ನಿಂತಿತ್ತು. ಇಷ್ಟು ಹೊತ್ತು ನನ್ನ ತವರು ಹೋಯಿತಲ್ಲ ಎಂದು ನಾನು ಅಳುತ್ತಿದ್ದೆ. ಆಕೆಗೆ ಅದು ಇರಲೇ ಇಲ್ಲ. ಅವ್ವ ಚಹಾದ ಬಸಿಯನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಕೇಳಿದರು. "ಹಂಗಾದರ ಇಷ್ಟು ವರ್ಷ ನನ್ನ ಕೂಡ ಜಗಳ ಯಾಕ ಮಾಡ್ದಿ?"

"ನೀವು ಒಪ್ಪಂಗಿಲ್ಲಂತ ಮಾಡ್ದೆ."

ಇವರು ಕಿಟಕಿಯ ಕಡೆ ಮುಖ ಮಾಡಿದರು. ಭುಜ ಅಲುಗುವುದನ್ನು ನೋಡಿ, ಸಿಟ್ಟಿಗೆ ನಡುಗುತ್ತಿದ್ದಾರೆ ಎಂದು ಹೆದರಿದೆ. ನೋಡಿದರೆ ನಗುತ್ತಿದ್ದರು. ಶಹಾಪುರದಲ್ಲಿ ಬಸ್ಸು ನಿಂತಾಗ, "ಇಳಿ, ಇವತ್ತೇ ಮನಿ ನೋಡಿಬಿಡೋಣ. ನಾಳೆ ಮತ್ತ ನಿನ್ನ ಮನಸು ಎತ್ತಾಗ ಹೊಳ್ಳತದೋ" ಎಂದರು. ನೋಡಿದ ಮೊದಲ ಮನೆಯನ್ನೇ ಒಪ್ಪಿದೆ. ಅದರ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ.

ಆ ವರ್ಷದ ಪಂಚಮಿಗೆ ತಮ್ಮ ಫೋನು ಮಾಡಿ, ನಾಳೆ ಕರೆಯಲು ಬರುತ್ತೇನೆ ಎಂದ. ಈ ಸಲ ನಾನು ಬರುವುದಿಲ್ಲ, ನಮ್ಮ ಮನೆಗೆ ಅಕ್ಕನನ್ನು ಕರೆಸುತ್ತಿದ್ದೇನೆ ಎಂದೆ. ಹೇಳುವಾಗ ಜೋಕಾಲಿ ಕಣ್ಣ ಮುಂದೆ ಬಂತು, ಸುಳ್ಳು ಯಾಕೆ ಹೇಳಲಿ. ಅವ್ವ ಫೋನು ಕಸಿದುಕೊಂಡಳು.

"ಇಬ್ಬರೂ ಇಲ್ಲಂದ್ರ ಇಲ್ಲಿ ರೊಟ್ಟಿ ಯಾರು ಬಡೀಬೇಕು?"

"ನಿನ್ನ ಮಗ ಅದಾನಲ್ಲ" ಎಂದೆ.

ಕರೆಯಲು ಹೊರಟವರು ಇವರು. ಜನ್ಮದಲ್ಲಿ ಆ ಕೆಲಸ ಮಾಡಿದವರಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು, "ಹೋಗಿ ಏನಂತ ಹೇಳಬೇಕು?" ಎಂದು ನಾಲ್ಕು ಸಲ ಕೇಳಿದರು. ಕರೆಯಲು ಬಂದಿದ್ದೇನೆ ಎನ್ನಿ, ಅಷ್ಟೇ ಸಾಕು ಎಂದೆ. ಅಕ್ಕ ಮುಂಜಾನೆಯೇ ಬ್ಯಾಗು ತುಂಬಿ ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳಂತೆ. ಅವ್ವ ಎರಡು ಓಣಿ ಕುಂಟುತ್ತ ಬಂದು, ಉಂಡಿಯ ಡಬ್ಬಿ ಕೈಗೆ ಕೊಟ್ಟು, "ಹೋಗಿ ಬಾ" ಎಂದು ಕಣ್ಣು ಒರೆಸಿಕೊಂಡಳಂತೆ.

ನನ್ನ ಮನೆಯಲ್ಲಿ ಅಕ್ಕ ಮೊದಲ ದಿನ ಹತ್ತು ಸಲ ಎದ್ದು ಅಡುಗೆಮನೆಗೆ ಬಂದಳು, ಹತ್ತು ಸಲವೂ ಹೊರಗೆ ದಬ್ಬಿದೆ. ತಲೆಗೆ ಎಣ್ಣೆ ತಿಕ್ಕುವಾಗ, "ನಿನ್ನ ಕೈ ಭಾಳ ಒರಟ ಅದ" ಎಂದು ಬೈದಳು. ಮರುದಿನ ಬಿಸಿಲೇರುವ ತನಕ ಮಲಗಿದಳು. ಮೂರನೆಯ ದಿನ ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು, ಕಾಲು ಚಾಚಿದಳು. ನಾನು ಎತ್ತಿಕೊಂಡು ಹೋಗಿ ತೊಳೆದೆ.

ಹೊರಡುವ ದಿನ ಆಕೆಗೆ ಉಡಿ ತುಂಬಿದೆ: ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಬಟ್ಟೆ. ಬಿಟ್ಟು ಬರಲು ನಾವಿಬ್ಬರೂ ಹೋದೆವು. ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಇವರು ಆಟೋ ಕರೆಯಲು ಕೈ ಎತ್ತಿದರೆ ಅಕ್ಕ ಒಪ್ಪಲಿಲ್ಲ. "ಬ್ಯಾಡ್ರಿ. ಬಜಾರದಾಗ ಹಾದು ನಡಕೋತ ಹೋಗೋಣ."

ಉಡಿಯ ಗಂಟನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು, ಪ್ರತಿ ಅಂಗಡಿಯ ಮುಂದೆಯೂ ಹೆಜ್ಜೆ ಸಣ್ಣ ಮಾಡುತ್ತ ನಡೆದಳು. ಬಳೆ ಅಂಗಡಿಯಾಕೆ ಕೂತಲ್ಲಿಂದಲೇ ಕೇಳಿದಳು. "ಎಲ್ಲಿಗಿ ಹೋಗಿದ್ರಿ ಅಕ್ಕಾ, ಹಬ್ಬದಾಗ ಕಾಣಲೇ ಇಲ್ಲಲ್ಲ?"

"ತವರಿಗಿ ಹೋಗಿದ್ದೆ. ಕರಿಯಾಕ ಬಂದಿದ್ರು."

"ಅಯ್ಯ, ನಿಮ್ಮ ತವರು ಇದೇ ಊರಲ್ಲೇನ್ರಿ?"

"ಇಲ್ಲಬೇ" ಎಂದಳು ಅಕ್ಕ. "ಶಹಾಪುರ."